ಸೋದರತ್ತೆಯ ಕಸೂತಿ ಸೀರೆ

ಪ್ರಶ್ನೆ: ತೀರಿಕೊಂಡ ಸೋದರತ್ತೆ ತಾವೇ ಕಸೂತಿ ಹಾಕಿ ಪೂಜೆಗೆ ಉಡುತ್ತಿದ್ದ ಇಳಕಲ್ ಸೀರೆ ನಮ್ಮಲ್ಲಿದೆ. ತಮ್ಮ ತಂಗಿಯ ನೆನಪಿಗೆ ಸೆರಗು ಕತ್ತರಿಸಿ ಚೌಕಟ್ಟು ಹಾಕಿಸೋಣ ಎನ್ನುತ್ತಾರೆ ಅಪ್ಪ. ಸರಿಯೇ?

ಉತ್ತರ: ದಯವಿಟ್ಟು ಕತ್ತರಿಸಬೇಡಿ. ಕಸೂತಿಯಲ್ಲಿ ಗಂಟು ಹಾಕುವುದಿಲ್ಲ. ಗವಂತಿ, ಮುರಗಿ ಎಂಬ ಅದರ ಹೊಲಿಗೆಗಳಲ್ಲಿ ಎಳೆ ಹೋದ ದಾರಿಯಲ್ಲೇ ಮರಳಿ ಬರುತ್ತದೆ. ಕತ್ತರಿ ತಗುಲಿದರೆ ಅವರು ಹಾಕಿದ ಗೋಪುರ, ತುಳಸಿಕಟ್ಟೆ ಬಿಚ್ಚಿಕೊಳ್ಳತೊಡಗುತ್ತವೆ. ಕುಂಕುಮದ ಕಲೆ ಇದ್ದರೆ ಉಜ್ಜಬೇಡಿ, ಹರಡುತ್ತದೆ. ಅದೂ ಅವರ ಪೂಜೆಯ ಗುರುತೇ ಅಲ್ಲವೇ? ಒದ್ದೆ ಬಿಳಿ ಬಟ್ಟೆಯನ್ನು ಸೆರಗಿನ ಒಳಬದಿಗೆ ಒತ್ತಿ ನೋಡಿ. ಬಣ್ಣ ಹತ್ತಿದರೆ ನೀರು ಮುಟ್ಟಿಸಲೇಬೇಡಿ. ಗಂಜಿ ಬೇಡ, ಹುಳ ಬರುತ್ತದೆ. ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿಟ್ಟು, 3 ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ಇಲ್ಲದಿದ್ದರೆ ಸೆರಗಿನ ರೇಷ್ಮೆ ಅದೇ ಗೆರೆಯಲ್ಲಿ ಸೀಳುತ್ತದೆ. ಗೋಡೆಗೆ, ಸೆರಗು ಹರಡಿ ತೆಗೆದ ಫೋಟೊ ಸಾಕು.