ಸಿಪ್ಪೆ ಸೂಪ್ ಕಹಿಯಾದದ್ದಕ್ಕೆ

ತರಕಾರಿ ಸಿಪ್ಪೆ, ದಂಟುಗಳಿಂದ ಮಾಡಿದ ಸೂಪ್ ಕಹಿಯಾಯಿತು, ಯಾಕೆ ಎಂದು ಕೇಳಿದ್ದೀರಿ. ಹೂಕೋಸಿನ ದಂಟು, ಹೀರೆಕಾಯಿ ಸಿಪ್ಪೆ, ಸೌತೆಕಾಯಿ ತುದಿ ಎಲ್ಲವನ್ನೂ ಒಂದು ಗಂಟೆ ಕುದಿಸಿದ್ದೀರಿ. ಕಹಿ ಬಂದದ್ದು ಬಹುಶಃ ಸೌತೆಯ ತೊಟ್ಟಿನ ತುದಿಯಿಂದ, ಹೀರೆಯಿಂದಲೂ ಇರಬಹುದು. ಆ ಸೂಪನ್ನು ದಯವಿಟ್ಟು ಚೆಲ್ಲಿಬಿಡಿ. ಸೌತೆ, ಹೀರೆಯಂಥ ಕಾಯಿಗಳಲ್ಲಿ ಬರುವ ಇಂಥ ಕಹಿ ಕುದಿಸಿದರೂ ಹೋಗುವುದಿಲ್ಲ, ಹೊಟ್ಟೆ ಕೆಡಿಸುತ್ತದೆ.

ಮುಂದಿನ ಸಲ ಹೆಚ್ಚುವಾಗಲೇ ಒಂದು ಚೂರನ್ನು ನಾಲಿಗೆಗೆ ತಾಗಿಸಿ ನೋಡಿ. ಕಹಿಯಿದ್ದರೆ ಆ ಕಾಯಿಯನ್ನೇ ಬಿಡಿ. ನೀರಿನ ಬದಲು ಕುಚ್ಚಲಕ್ಕಿ ಗಂಜಿಯ ತಿಳಿ ಬಳಸಿ. ನಮ್ಮ ಉಡುಪಿಯಲ್ಲಿ ಎಷ್ಟೋ ಮನೆಗಳು ಅದನ್ನು ಬಸಿದು ಚೆಲ್ಲುವುದು ನೋಡಿದರೆ ಸಂಕಟವಾಗುತ್ತದೆ. ಆ ತಿಳಿಯಿಂದ ಹಿಟ್ಟು ಹಾಕದೆಯೇ ಸೂಪ್ ಮಂದವಾಗುತ್ತದೆ! ಅದರಲ್ಲಿ ಹರಿವೆ ದಂಟು, ಹೀರೆ ಸಿಪ್ಪೆ, ಜಜ್ಜಿದ ಶುಂಠಿ, ಕಾಳುಮೆಣಸು 20 ನಿಮಿಷ ಕುದಿಯಲಿ. ಹೂಕೋಸಿನ ದಂಟನ್ನು ಕೊನೆಯ 10 ನಿಮಿಷಕ್ಕೆ ಮಾತ್ರ ಸೇರಿಸಿ, ಹೆಚ್ಚು ಬೆಂದರೆ ವಾಸನೆ ಬರುತ್ತದೆ. ಸೋಸಿದ ಮೇಲೆ ಉಪ್ಪು ಹಾಕಿ. ಉಳಿದ ಚರಟ ಬಸಳೆಯ ಬುಡಕ್ಕೆ.