ಗುದ್ದಲಿ ಒರಗಿಸಿದ ಗೋಡೆಯಿಂದ ಶುರು ಮಾಡಿ

ಪ್ರಿಯರೆ,

ನಿಮ್ಮೂರ ಹತ್ತಿರದ ಬೆನೆಡಿಕ್ಟೀನ್ ಕ್ರೈಸ್ತ ಸನ್ಯಾಸಿಗಳ ಮಠದಲ್ಲಿ ಮೂರು ದಿನ ಇದ್ದು ಬರೆದ ‘ಸಂಸ್ಕೃತಿಯ ಕಾವಲುಗಾರರು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲಾರೆ. ಕಾರಣ ಹೇಳದೆ ವಾಪಸ್ಸು ಕಳಿಸುವುದು ನನಗೆ ಒಗ್ಗುವುದಿಲ್ಲ, ಅದಕ್ಕೇ ಈ ಕಾಗದ.

ಏಳು ಪುಟದಲ್ಲಿ ‘ನಿಸ್ವಾರ್ಥ ಸೇವೆ’ ಒಂಬತ್ತು ಸಲ ಬಂದಿದೆ. ಯಾರು, ಯಾರಿಗೆ, ಏನು ಮಾಡಿದರು ಅನ್ನುವುದು ಒಂದು ಸಲವೂ ಬಂದಿಲ್ಲ. ಸನ್ಮಾನಪತ್ರ ಓದಿದ ಹಾಗಾಯಿತು. ಶಾಲು, ಹಣ್ಣಿನ ಬುಟ್ಟಿ ಮಾತ್ರ ಬಾಕಿ.

ಆದರೆ ಐದನೇ ಪುಟದಲ್ಲಿ, ‘ಸಂಜೆ ಗಂಟೆ ಬಾರಿಸಿದಾಗ ಬ್ರದರ್ ಗುದ್ದಲಿ ತೊಳೆದು, ಒರೆಸಿ, ಗೋಡೆಗೆ ಒರಗಿಸಿ ಪ್ರಾರ್ಥನೆಗೆ ಹೋದರು’ ಅಂತ ಒಂದು ಸಾಲಿದೆ. ಅದನ್ನು ನೀವು ಕಣ್ಣಾರೆ ಕಂಡಿದ್ದೀರಿ. ಈ ಸನ್ಯಾಸಿಗಳು ಪಾಲಿಸುವ, ಆರನೇ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟ್ ಬರೆದ ನಿಯಮಾವಳಿಯ 73 ಅಧ್ಯಾಯಗಳಲ್ಲಿ 31ನೆಯದು ಉಗ್ರಾಣ ನೋಡಿಕೊಳ್ಳುವವನ ಬಗ್ಗೆ. ಮಠದ ಪಾತ್ರೆಪಗಡೆ, ಸಾಮಾನನ್ನೆಲ್ಲ ಬಲಿಪೀಠದ ಪವಿತ್ರ ಪಾತ್ರೆಗಳಂತೆ ಕಾಣಬೇಕು ಅನ್ನುತ್ತದೆ ಅದು. ಆಯುಧಪೂಜೆಗೆ ಗುದ್ದಲಿ ತೊಳೆದು ಕುಂಕುಮ ಇಡುವ ನಮ್ಮ ಕಡೆಯ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಸ್ಥಳೀಯ ಸಂಸ್ಕೃತಿಯೊಂದಿಗಿನ ಬೆಸುಗೆ’ ಅಂತ ಮೂರು ಪ್ಯಾರಾ ಹುಡುಕಾಡಿದ್ದೀರಲ್ಲ, ಅದು ಆ ಗೋಡೆಗೇ ಒರಗಿಕೊಂಡಿತ್ತು.

ಇನ್ನು ತಪ್ಪು. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿ ಚರ್ಚನ್ನು ಕಟ್ಟಿದವರು ‘ಈ ಸನ್ಯಾಸಿಗಳ ಪೂರ್ವಜರು’ ಅಂದಿದ್ದೀರಿ. ಅಲ್ಲ. 1860ರ ದಶಕದ ಆ ಚರ್ಚು ಫ್ರೆಂಚ್ ಮಿಷನರಿಗಳದ್ದು. ನೀವು ಹೆಸರಿಸಿರುವ ಅಬ್ಬೆ ದ್ಯುಬುವಾ, 1792ರಲ್ಲಿ ಬಂದು, ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸಿ, 1823ರಲ್ಲಿ ಮರಳಿದವರು, ಪ್ಯಾರಿಸ್‌ನ ಮಿಷನ್ ಸಂಘದ ಪಾದ್ರಿ, ಮಠವಾಸಿಯಲ್ಲ. ಮಿಷನರಿಯದು ಊರೂರು ತಿರುಗುವ ಕೆಲಸ. ಬೆನೆಡಿಕ್ಟೀನ್ ಸನ್ಯಾಸಿ ಸಾಯುವವರೆಗೂ ಈ ಸಮುದಾಯ ಬಿಟ್ಟು ಹೋಗೆನು ಎಂದು ವ್ರತ ತೊಟ್ಟವನು. ಗೊರೂರು ಅಣೆಕಟ್ಟೆಯ ಹಿನ್ನೀರಿಗೆ ಮನೆಮಠ ಬಿಟ್ಟು ಎದ್ದವರ ಜಿಲ್ಲೆಯಲ್ಲಿ, ಏಳುವುದೇ ಇಲ್ಲ ಎಂದು ಕೂತವರು! ಊರು ಕಳಕೊಂಡ ಯಾರಾದರೂ ಆ ಮಠಕ್ಕೆ ಬರುತ್ತಾರಾ, ಬಂದರೆ ಏನು ಮಾತಾಡುತ್ತಾರೆ? ನೀವು ಕೇಳಿದಂತಿಲ್ಲ. (ಆ ಹಿನ್ನೀರಿನಲ್ಲಿ ಮುಳುಗುವ ಶೆಟ್ಟಿಹಳ್ಳಿ ಚರ್ಚಿನ ಫೋಟೊ ಮಾತ್ರ ಬೇಡ. ಎಲ್ಲರ ಫೋನಿನಲ್ಲೂ ಇದೆ.)

ನನಗೆ ನಿಜಕ್ಕೂ ಸಿಟ್ಟು ಬಂದದ್ದು ಕೊನೆಯ ಪುಟಕ್ಕೆ. ‘ಸನ್ಯಾಸಿಗಳು ಸೋಬಾನೆ ಪದಗಳನ್ನು ಉಳಿಸಿದ್ದಾರೆ’ ಅನ್ನುತ್ತೀರಿ. ಹಾಡಿದ್ದು ಮಠಕ್ಕೆ ಸೊಪ್ಪು ತಂದುಕೊಡುವ ಅಜ್ಜಿ, ಬ್ರದರ್ ಬರೆದುಕೊಂಡರು. ಬರೆದುಕೊಂಡದ್ದು ಸಣ್ಣ ಕೆಲಸವೇನಲ್ಲ. ಆದರೆ ಅಷ್ಟು ವರ್ಷ ಆ ಪದಗಳನ್ನು ಬಾಯಲ್ಲಿಟ್ಟುಕೊಂಡು ಬಂದವರು ಆ ಅಜ್ಜಿ. ನಿಮ್ಮ ಲೇಖನದಲ್ಲಿ ಅವರ ಊರಿಲ್ಲ, ಹಾಡಿದ ಪದದ ಒಂದು ಸೊಲ್ಲೂ ಇಲ್ಲ. ಅವರ ಜಗಲಿಗೆ ಹೋಗಿ ಕೂರಿ. ಒಪ್ಪಿದರೆ ಹೆಸರು ಹಾಕಿ. ಆ ಬ್ರದರ್ ಬರೆಯುವಾಗ ಎಲ್ಲಿ ತಡವರಿಸಿದರು ಅಂತ ಅಜ್ಜಿಯನ್ನೇ ಕೇಳಿ, ನಗುನಗುತ್ತಾ ಹೇಳಿಯಾರು.

ಬರುವಾಗ ಬಾಗಿಲು ಕಾಯುವ ಹಿರಿಯ ಬ್ರದರ್ ಹತ್ತಿರವೂ ನಿಲ್ಲಿ. ನಿಯಮಾವಳಿಯ 66ನೇ ಅಧ್ಯಾಯದ ಪ್ರಕಾರ ಅಲ್ಲಿ ಕೂರಿಸಬೇಕಾದ್ದು ಅಲೆದಾಡುವ ವಯಸ್ಸು ದಾಟಿದ, ಮಾತು ತಿಳಿದ ಮುದುಕರನ್ನು. ಬಂದುಹೋದವರ ಸುದ್ದಿಯೆಲ್ಲ ಅವರ ಬಳಿ ಇರುತ್ತದೆ.

ಏಳು ಪುಟ ಬೇಡ, ಮೂರು ಸಾಕು. ಸುಗ್ಗಿ ಮುಗಿಯುವುದರೊಳಗೆ ಕಳಿಸಿ.

ನಿಮ್ಮ,
ಸಂಪಾದಕ