ಓದುಗರ ಪ್ರಶ್ನೆ: ಸರ್ಟಿಫಿಕೇಟ್ ಬಂತು, ಕ್ಯೂ ಮಾತ್ರ ಕರಗಿಲ್ಲ

ಪ್ರಶ್ನೆ: ನಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಎನ್‌ಕ್ಯೂಎಎಸ್ ಅನ್ನುವ, ಸರ್ಕಾರಿ ಆಸ್ಪತ್ರೆಗಳಿಗೆ ಕೊಡುವ ರಾಷ್ಟ್ರೀಯ ಗುಣಮಟ್ಟದ ಸರ್ಟಿಫಿಕೇಟ್ ಸಿಕ್ಕಿದೆ. ಆದರೆ ನಮ್ಮ ತಾಯಿ ಬಿಪಿ ಮಾತ್ರೆಗೆ ಹೋದರೆ ಅರ್ಧ ದಿನ ಅಲ್ಲೇ ಕಳೆಯುತ್ತದೆ, ಡಾಕ್ಟರ್ ನೋಡುವುದು ಎರಡೇ ನಿಮಿಷ. ಹಾಗಾದರೆ ಇವರು ಅಳೆದಿದ್ದು ಏನನ್ನು? ನಾನೀಗ ಕೇಂದ್ರದ ಉಸ್ತುವಾರಿ ನೋಡುವ ಆರೋಗ್ಯ ರಕ್ಷಾ ಸಮಿತಿಯ ಸದಸ್ಯ. ಸಭೆಯಲ್ಲಿ ಏನು ಕೇಳಬೇಕು?
- ಒಬ್ಬ ಓದುಗರು, ತುಮಕೂರು ಜಿಲ್ಲೆ

ಉತ್ತರ: ಆ ಸರ್ಟಿಫಿಕೇಟ್ ಸುಮ್ನೆ ಕೊಡುವಂಥದ್ದಲ್ಲ. ಹೊರಗಿನಿಂದ ಬಂದವರು ಕಣ್ಣಾರೆ ನೋಡುತ್ತಾರೆ, ಸಿಬ್ಬಂದಿಯನ್ನು ಕೇಳುತ್ತಾರೆ, ರಿಜಿಸ್ಟರ್ ತೆಗೆಸುತ್ತಾರೆ, ರೋಗಿಗಳನ್ನೂ ಮಾತಾಡಿಸುತ್ತಾರೆ. ಎಂಟು ವಿಭಾಗಗಳಿವೆ, ಒಟ್ಟಾರೆ ಶೇ 70 ಅಂಕ ಬರಬೇಕು. ಔಷಧಿ ದಾಸ್ತಾನು, ಸ್ವಚ್ಛತೆ, ಸೋಂಕು ತಡೆ ಎಲ್ಲವೂ ಅದರಲ್ಲಿದೆ, ಎಲ್ಲವೂ ಬೇಕು. ಆದರೆ ಫಲಿತಾಂಶಕ್ಕೆ ಇರುವುದು ಒಂದೇ ವಿಭಾಗ. ನಿಮ್ಮ ತಾಯಿಯ ಬಿಪಿ ಹತೋಟಿಗೆ ಬಂತಾ ಅನ್ನುವುದೇ ನಿಮಗೆ ಮುಖ್ಯ ಅಲ್ವಾ?

ಹಾಗಾಗಿ ಸಭೆಯಲ್ಲಿ ಮೊದಲು ಇದನ್ನೇ ಕೇಳಿ: ನಮ್ಮಲ್ಲಿ ಹೆಸರು ಬರೆಸಿದ ಬಿಪಿ ರೋಗಿಗಳಲ್ಲಿ ಈ ಮೂರು ತಿಂಗಳಲ್ಲಿ 140/90ಕ್ಕಿಂತ ಕೆಳಗೆ ಬಂದವರು ಎಷ್ಟು ಜನ, ಬರುವುದನ್ನೇ ನಿಲ್ಲಿಸಿದವರು ಎಷ್ಟು ಜನ? 2017ರಲ್ಲಿ ಶುರುವಾದ ಭಾರತ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮ ಅಳೆಯುವುದು ಹೀಗೆಯೇ. ಬಿಟ್ಟುಹೋದವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಇದರಲ್ಲಿ ನನಗೆ ತುಂಬಾ ಸರಿ ಅನಿಸುವ ವಿಷಯ, ಯಾಕೆಂದರೆ ಓಪಿಡಿ (ಹೊರರೋಗಿ ವಿಭಾಗ) ಬಾಗಿಲಲ್ಲಿ ನಿಂತು ‘ಸೇವೆ ಹೇಗಿತ್ತು’ ಅಂತ ಕೇಳಿದರೆ ಉತ್ತರ ಕೊಡುವುದು ಬಂದವರು ಮಾತ್ರ, ಬೇಸತ್ತು ಮನೆಯಲ್ಲೇ ಉಳಿದವರನ್ನು ಯಾರೂ ಕೇಳುವುದಿಲ್ಲ.

ಎರಡು ನಿಮಿಷದ ಕಥೆ ನಿಮ್ಮೂರಿನದು ಮಾತ್ರ ಅಲ್ಲ. 2017ರಲ್ಲಿ ‘ಬಿಎಂಜೆ ಓಪನ್’ ಪತ್ರಿಕೆಯಲ್ಲಿ ಬಂದ 67 ದೇಶಗಳ ಅಧ್ಯಯನದಲ್ಲೂ ಭಾರತದ್ದು ಸುಮಾರು ಎರಡೇ ನಿಮಿಷ. ಡಾಕ್ಟರನ್ನು ಬೈದರೆ ಅದು ಮೂರು ನಿಮಿಷ ಆಗುವುದಿಲ್ಲ. ಗುಂಪು ಕಮ್ಮಿ ಆಗಬೇಕು.

ಅದಕ್ಕೆ ಒಂದು ವಾರ ಓಪಿಡಿ ಚೀಟಿಯ ಮೇಲೆ ಮೂರು ಸಮಯ ಬರೆಸಿ: ಚೀಟಿ ಮಾಡಿಸಿದ್ದು, ಡಾಕ್ಟರ್ ನೋಡಿದ್ದು, ಔಷಧಿ ಕೈಗೆ ಬಂದದ್ದು. ಜನ ಜಾಸ್ತಿ ಇರುವ ದಿನ ತಪ್ಪಿಸಬೇಡಿ. ಹೊತ್ತು ಎಲ್ಲಿ ಹೋಗುತ್ತಿದೆ ಅಂತ ಆಗ ಕಾಣುತ್ತದೆ. ಔಷಧಿ ಕೌಂಟರ್‌ನಲ್ಲೇ ಜನ ನಿಂತಿದ್ದರೆ ಡಾಕ್ಟರ್ ಬೇಗ ಬಂದೂ ಉಪಯೋಗ ಇಲ್ಲ. ಹಾಗೆಯೇ, ಬಿಪಿ ಹತೋಟಿಯಲ್ಲಿ ಇರುವವರಿಗೆ ಒಂದು ವಾರದ ಬದಲು 30 ದಿನದ ಮಾತ್ರೆ ಒಟ್ಟಿಗೆ ಕೊಡುತ್ತಿದ್ದಾರಾ ನೋಡಿ. ಇಲ್ಲದಿದ್ದರೆ ಅದನ್ನೇ ಪಟ್ಟು ಹಿಡಿದು ಕೇಳಿ. ತಿಂಗಳಿಗೆ ನಾಲ್ಕು ಸಲ ಬರುವವರು ಒಂದೇ ಸಲ ಬಂದರೆ ಕ್ಯೂ ತಾನಾಗಿಯೇ ಕರಗುತ್ತದೆ, ಜ್ವರ ಅಂತ ಮಗುವನ್ನು ಕರೆತಂದವರಿಗೂ ಡಾಕ್ಟರ್ ಹತ್ತಿರ ಸಮಯ ಉಳಿಯುತ್ತದೆ. ಮೂರು ತಿಂಗಳ ನಂತರ ಮತ್ತೆ ಒಂದು ವಾರ ಬರೆಸಿ, ಹೋಲಿಸಿ ನೋಡಿ.

ಇನ್ನೊಂದು ವಿಷಯ: ಈ ಲೆಕ್ಕ ಸಿಬ್ಬಂದಿಗೆ ನೋಟಿಸ್ ಕೊಡಲು ಬಳಕೆಯಾಗಬಾರದು. ಹೆದರಿದವರು ರಿಜಿಸ್ಟರ್‌ನಲ್ಲಿ ಎಲ್ಲರ ಬಿಪಿಯನ್ನೂ 130/80 ಅಂತ ಬರೆದುಬಿಡುತ್ತಾರೆ.

ಪ್ರಶ್ನೆ: ಮೊದಲಿದ್ದ ಡಾಕ್ಟರ್ ಬಂದವರಿಗೆಲ್ಲ ಇಂಜೆಕ್ಷನ್ ಹಾಕುತ್ತಿದ್ದರು. ಹೊಸಬರು ಬರೀ ಮಾತ್ರೆ ಕೊಡುತ್ತಾರೆ. ಚಿಕಿತ್ಸೆ ಕೆಟ್ಟಿದೆಯಾ?
- ಒಬ್ಬ ಓದುಗರು, ಹಾವೇರಿ

ಉತ್ತರ: ಇಲ್ಲ, ಸುಧಾರಿಸಿದೆ ಅಂತಲೇ ಕಾಣುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲೇ ಓಪಿಡಿ ಅಳೆಯಲು ಸರಳ ಸೂಚಕಗಳನ್ನು ಕೊಟ್ಟಿದೆ: ಒಂದು ಚೀಟಿಯಲ್ಲಿ ಸರಾಸರಿ ಎಷ್ಟು ಔಷಧಿ, ನೂರರಲ್ಲಿ ಎಷ್ಟು ಜನರಿಗೆ ಆ್ಯಂಟಿಬಯಾಟಿಕ್, ಎಷ್ಟು ಜನರಿಗೆ ಇಂಜೆಕ್ಷನ್. ಮಾತ್ರೆ ಯಾವಾಗ, ಎಷ್ಟು ತಗೋಬೇಕು ಅಂತ ರೋಗಿಗೆ ಗೊತ್ತಿದೆಯಾ ಅನ್ನುವುದೂ ಅದರಲ್ಲಿದೆ. ನೆಗಡಿ, ಮೈಕೈ ನೋವಿಗೆಲ್ಲ ಸೂಜಿ ಬೇಡ. ಆದರೆ ನಾಯಿ ಕಚ್ಚಿದರೆ ಇಂಜೆಕ್ಷನ್ ತಪ್ಪಿಸಲೇಬೇಡಿ. ಆ ಲಸಿಕೆ ನಿಮ್ಮ ಆಸ್ಪತ್ರೆಯಲ್ಲಿ ಸ್ಟಾಕ್ ಇದೆಯಾ ಅಂತ ಈಗಲೇ ವಿಚಾರಿಸಿಟ್ಟುಕೊಳ್ಳಿ.